ಭಾಗತ್ತೆಯ ಶ್ರುತಿಗೆ ಒಪ್ಪಿದ ಕಂಪ್ಯೂಟರ್

ಮಂಗಳವಾರ ಬೆಳಗ್ಗೆ ಊರಿಗೆ ನೀರು ಬಿಟ್ಟು ಮನೆಗೆ ಬಂದವನು ಚಪ್ಪಲಿ ಬಿಡುವುದಕ್ಕೆ ಮೊದಲೇ ಹೇಳಿದೆ: "ವನಮಾಲಾ, ಇವತ್ತು ಕಂಪ್ಯೂಟರ್ ತಂದುಬಿಡೋಣ."

ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ. ತಲೆಯೆತ್ತಿ ಚಾವಣಿ ನೋಡಿದಳು. ನಮ್ಮೂರಿನಲ್ಲಿ ಯಾರಾದರೂ ಏನಾದರೂ ಕೊಳ್ಳುವ ಮಾತೆತ್ತಿದರೆ ಕೇಳಿದವರು ಮೊದಲು ನೋಡುವುದು ಚಾವಣಿಯನ್ನೇ. ನಮ್ಮ ಮನೆಯ ಚಾವಣಿಗೆ ಆಗಲೇ ಅವಳ ತವರಿನವರು ಕೊಟ್ಟ ಎರಡನೆಯ ಕುಕ್ಕರ್, ಹನ್ನೊಂದು ಸ್ಟೀಲ್ ಲೋಟ, ನನ್ನದೊಂದು ಸ್ವೆಟರ್ ಅಂಟಿಕೊಂಡಿದ್ದವು. ಮನೆಗೆ ಬೇಕಾದದ್ದು ಕೂರುತ್ತದೆ, ಹೆಚ್ಚಿಗೆಯಾದದ್ದು ಏಳುತ್ತದೆ. ಎಷ್ಟು ಹೆಚ್ಚೋ ಅಷ್ಟು ಎತ್ತರ. ಚಳಿ ಶುರುವಾದ ದಿನ ಸ್ವೆಟರ್ ತಾನೇ ಇಳಿದು ಕುರ್ಚಿಯ ಬೆನ್ನಿಗೆ ಬರುತ್ತದೆ. ನೆಂಟರು ಬರುವ ದಿನ ಲೋಟಗಳು ಒಂದೊಂದಾಗಿ ಟಣ್ ಟಣ್ ಎಂದು ಅಡುಗೆಕಟ್ಟೆಗೆ ಇಳಿಯುತ್ತವೆ. ಎಷ್ಟು ಜನರಿಗೆ ಅಕ್ಕಿ ಹಾಕಬೇಕೆಂದು ವನಮಾಲಾ ಅದನ್ನು ನೋಡಿಯೇ ತೀರ್ಮಾನಿಸುತ್ತಾಳೆ. ಕುಕ್ಕರ್ ಮಾತ್ರ ಮದುವೆಯಾದಾಗಿನಿಂದ ಇಳಿದಿಲ್ಲ.

"ಕಂಪ್ಯೂಟರ್ ಎದ್ರೆ ಏನ್ ಮಾಡ್ತೀರಿ? ಬಸವಲಿಂಗಣ್ಣನ ಮನೆ ಟೀವಿ ನೋಡಿದೀರಲ್ಲ," ಎಂದಳು.

ನೋಡಿದ್ದೆ. ಊರೇ ನೋಡಿತ್ತು. ಪಕ್ಕದ ಮನೆಯ ಬಸವಲಿಂಗಣ್ಣ ಗೋಡೆಯಷ್ಟಗಲದ ಟೀವಿ ತಂದು, ಅದು ಸೀದಾ ಮೇಲೇರಿ ಮುಖ ಕೆಳಗೆ ಮಾಡಿ ನಿಂತ ಮೇಲೆ, ಆ ಮನೆಯವರೆಲ್ಲ ಚಾಪೆ ಹಾಸಿ ಅಂಗಾತ ಮಲಗಿಕೊಂಡೇ ಧಾರಾವಾಹಿ ನೋಡುತ್ತಾರೆ. ಮೊದಮೊದಲು ನಾಚಿಕೆಪಟ್ಟರು. ಈಗ ಕತ್ತುನೋವು ಹೋಯಿತೆಂದು ಹೇಳಿಕೊಂಡು ತಿರುಗುತ್ತಾರೆ.

"ಏಳಲ್ಲ ಕಣೇ. ಅತ್ತೆಯ ಪದ್ಯಕ್ಕೆ ತಾನೆ ತರೋದು," ಎಂದೆ. ಅವಳು ಸೊಪ್ಪಿನ ಮೊರ ಒಳಗಿಟ್ಟು ಸೀರೆ ಬದಲಾಯಿಸಲು ಹೋದಳು.

ಅತ್ತೆ ಎಂದರೆ ನನ್ನ ತಂದೆಯ ತಂಗಿ ಭಾಗೀರಥಿ. ಮನೆಯಲ್ಲಿ ಎಲ್ಲರಿಗೂ ಭಾಗತ್ತೆ. ಈಗ ಎಪ್ಪತ್ತೊಂಬತ್ತು. ಅವರ ಅಜ್ಜಿ ರಾಗಿ ಬೀಸುತ್ತಾ ಬೀಸುತ್ತಾ ಭಾಮಿನಿ ಷಟ್ಪದಿಯಲ್ಲಿ ಒಂದು ಕಾವ್ಯ ಕಟ್ಟಿದ್ದರು. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಕಥೆ. ಆರುನೂರ ಹನ್ನೆರಡು ಪದ್ಯ. ಬರೆದಿಟ್ಟರೆ ಓದುವವರಿಲ್ಲದೆ ಪುಸ್ತಕ ಚಾವಣಿ ಸೇರೀತು ಎಂಬ ಹೆದರಿಕೆಗೆ ಆ ಅಜ್ಜಿ ಒಂದಕ್ಷರವನ್ನೂ ಬರೆಸಲಿಲ್ಲ. ಮೊಮ್ಮಗಳ ಬಾಯಿಗೆ ಹಾಕಿ ಹೋದರು. ಪ್ರತಿ ಏಕಾದಶಿಯ ಸಂಜೆ ದೇವಸ್ಥಾನದ ಕೈಸಾಲೆಯಲ್ಲಿ ಭಾಗತ್ತೆ ಅದನ್ನು ವಾಚನ ಮಾಡುತ್ತಾರೆ. ಏಳನೇ ವಯಸ್ಸಿನಿಂದ, ಅಂದರೆ ನಲವತ್ತೈದು ವರ್ಷದಿಂದ, ನಾನು ಕಂಬಕ್ಕೆ ಒರಗಿ ಕೇಳುತ್ತಿದ್ದೇನೆ. ನನಗೆ ದೇವರು ಕಂಡಿದ್ದರೆ ಅಲ್ಲೇ, ಆ ದನಿಯಲ್ಲೇ.

ಕಳೆದ ಏಕಾದಶಿಯಂದು ಅತ್ತೆ ಎರಡನೆಯ ಸಂಧಿಯ ನಡುವಿನಿಂದ ಸಲೀಸಾಗಿ ಐದನೆಯ ಸಂಧಿಗೆ ಜಾರಿಬಿಟ್ಟರು. ರಾಗ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಕುಳಿತವರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಮಾತ್ರ ಮೆಟ್ಟಿಲಿದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದ ಹಾಗಾಯಿತು. ಬರುವಾಗ ದಾರಿಯಲ್ಲಿ ಅತ್ತೆ ಮೆಲ್ಲಗೆ, "ಇವತ್ತು ಬೇಗ ಮುಗೀತಲ್ವೇನೋ ಶೇಷು?" ಎಂದರು. ನಾನು ಹೂಂ ಎಂದೆ. ಆ ಕಾವ್ಯ ಇರುವುದು ಅವರೊಬ್ಬರಲ್ಲಿ, ಅದೂ ಸರಿಯತೊಡಗಿದೆ.

ಮೊಬೈಲಿನಲ್ಲಿ ಹಿಡಿಯಲು ನೋಡಿದೆ. ಅತ್ತೆಗೆ ಯಾವಾಗ ಯಾವ ಪದ್ಯ ಬರುತ್ತದೋ ಆಗ ಹಿಡಿದದ್ದು. ನಡುವೆ ನಲ್ಲಿಯಲ್ಲಿ ನೀರು ಬಂದಿಲ್ಲವೆಂದು ಹತ್ತು ಜನರ ಫೋನು. ವಾರಕ್ಕೆ ನೂರು ತುಣುಕುಗಳಾದವು, ಯಾವುದರ ಹಿಂದೆ ಯಾವುದು ಎಂದು ತಿಳಿಯದು. ಅತ್ತೆಗೆ ತೋರಿಸೋಣವೆಂದರೆ ಅವರಿಗೆ ಅಕ್ಷರ ಬೆರಳಿನಷ್ಟು ದೊಡ್ಡದಿದ್ದರೆ ಮಾತ್ರ ಕಾಣುತ್ತದೆ. ಎಲ್ಲ ಪದ್ಯಗಳನ್ನೂ ಒಂದೆಡೆ ಹರಡಿ, ಅಲ್ಲಿಂದಿಲ್ಲಿಗೆ ಎತ್ತಿಟ್ಟು, ಅವರ ಎದುರೇ ಜೋಡಿಸಬೇಕು. ಅದಕ್ಕೆ ಮೇಜಿನ ಮೇಲೆ ಕೂರುವಂಥ, ದೊಡ್ಡ ಪರದೆಯ ಕಂಪ್ಯೂಟರೇ ಆಗಬೇಕು. ಇದನ್ನು ಗಟ್ಟಿ ಮಾಡಿಕೊಂಡ ದಿನದಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ವಾಲ್ವ್ ತಿರುಗಿಸುತ್ತಾ ನಿಂತಲ್ಲೂ ಪರದೆಯ ಮೇಲೆ ಷಟ್ಪದಿಯ ಆರು ಸಾಲು ಹೇಗೆ ಕಾಣಬಹುದೆಂದೇ ಯೋಚನೆ. ಒಂದು ದಿನ ಕುಂಬಾರಬೀದಿಗೆ ಎರಡು ಸಲ ನೀರು ಬಿಟ್ಟೆ.

ಅತ್ತೆಯನ್ನೂ ಕರೆದುಕೊಂಡು ಮೂವರೂ ಹೊರಟೆವು. ಕಂಪ್ಯೂಟರ್ ಅಂಗಡಿ ಊರಿಗೆ ಒಂದೇ. ಅದರ ಯಜಮಾನಿ ಜಯಶೀಲಾ, ನಲವತ್ತರ ಹೆಂಗಸು. ಎಲ್ಲವನ್ನೂ ತಾನೇ ಕೈಯಾರೆ ಬಿಚ್ಚಿ ಜೋಡಿಸುತ್ತಾಳೆ. ಸೆರಗಿನ ತುದಿಯಲ್ಲಿ ಬೀಗದ ಕೈ ಇರಬೇಕಾದ ಕಡೆ ಸಣ್ಣ ಸ್ಕ್ರೂಡ್ರೈವರ್ ಕಟ್ಟಿಕೊಂಡಿರುತ್ತಾಳೆ. ಅಂಗಡಿಯಲ್ಲಿ ಎಲ್ಲವೂ ನೆಲಕ್ಕೇ ಕೂತಿದ್ದವು. ಅಂಗಡಿಗೆ ಎಲ್ಲವೂ ಬೇಕಲ್ಲ. ಹಾಗಾಗಿ ಅಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ, ಮನೆಗೆ ತಂದ ಮೇಲೇ ಗೊತ್ತಾಗುವುದು.

"ಏನ್ ಕೆಲ್ಸಕ್ಕೆ ಸಾರ್?" ಎಂದಳು ಜಯಶೀಲಾ, ಪೆನ್ನು ಚೀಟಿ ಹಿಡಿದು.

"ಏನಿಲ್ಲಮ್ಮ, ಒಂದ್ನಾಲ್ಕು ಪದ್ಯ ಬರ್ದಿಡೋಕೆ."

"ನಾಲ್ಕೆಲ್ಲಿಂದ ಬಂತೋ. ಎರಡಿದ್ರೆ ಹೆಚ್ಚು," ಎಂದರು ಭಾಗತ್ತೆ, ಕೊಟ್ಟ ಕುರ್ಚಿಯ ಅಂಚಿನಲ್ಲಿ ಕೂತು.

"ಅದೂ ದಿನಾ ಅಲ್ಲ. ಹಬ್ಬಕ್ಕೋ ಹುಣ್ಣಿಮೆಗೋ," ಎಂದು ವನಮಾಲಾ ಸೇರಿಸಿದಳು.

ನಮ್ಮೂರಿನವರು ಹೀಗೇ. ವಸ್ತು ಎದ್ದೀತೆಂಬ ಭಯಕ್ಕೆ ಬೇಕಾದದ್ದರಲ್ಲಿ ಮುಕ್ಕಾಲು ನುಂಗಿ ಕಾಲು ಹೇಳುತ್ತೇವೆ. ಹೊಲಿಗೆಯವನಿಗೆ ಅಳತೆ ಕೊಡುವಾಗ ಉಸಿರು ಎಳೆದು ನಿಲ್ಲುತ್ತೇವೆ. ಊರಿನ ಗಂಡಸರ ಅಂಗಿಗಳೆಲ್ಲ ಬಿಗಿ.

ಜಯಶೀಲಾ ಪೆನ್ನು ಕೆಳಗಿಟ್ಟಳು. "ಅಲ್ಲ ಸಾರ್, ಈ ಊರಲ್ಲಿ ಒಬ್ರಾದ್ರೂ ಬೇಕಾದ್ದನ್ನ ಬೇಕು ಅಂತ ಹೇಳ್ತೀರಾ? ಮೊನ್ನೆ ಒಬ್ರು ಬಂದು ಸುಮ್ನೆ ಒಂದಿರ್ಲಿ ಅಂದ್ರು. ಸಣ್ಣದು ಕೊಟ್ಟೆ. ಆಮೇಲೆ ನೋಡಿದ್ರೆ ಮನೇಲಿ ಮೂರು ಹೆಣ್ಮಕ್ಳು ಅದ್ರಲ್ಲೇ ಓದ್ಬೇಕು, ಯಜಮಾನ್ರು ಅದ್ರಲ್ಲೇ ಜಾತಕ ಹಾಕ್ಬೇಕು! ಅದು ಬೆಳಗ್ಗೆ ಗುಂಡಿ ಒತ್ತಿದ್ರೆ ತಿಂಡಿ ಹೊತ್ತಿಗೆ ಕಣ್ಬಿಡುತ್ತೆ. ಎಷ್ಟು ಪದ್ಯ, ಸರಿಯಾಗಿ ಹೇಳಿ."

"ಆರುನೂರ ಹನ್ನೆರಡು," ಎಂದೆ. ಹೇಳುವಾಗ ಕಿವಿ ಬಿಸಿಯಾಯಿತು.

"ಅಬ್ಬ! ಹಾಗೆ ಬನ್ನಿ ದಾರಿಗೆ. ದನೀನೂ ಹಿಡೀಬೇಕಾ?"

"ದನಿಯೇ ಮುಖ್ಯ."

"ನೀವೂ ಹಾಡ್ತೀರಾ ಸಾರ್?"

ನಾನು ಬಾಯಿ ತೆರೆಯುವ ಮೊದಲೇ ಭಾಗತ್ತೆ ನಕ್ಕರು. "ಇವ್ನಾ? ಇವನು ಕೇಳೋನು. ಊರಿನ ಕೊಳವೆಗಳ ಹೊಟ್ಟೆಯೊಳಗಿನ ಮಾತೆಲ್ಲ ಕೇಳುತ್ತೆ ಇವನಿಗೆ. ಚಿಕ್ಕೋನಿದ್ದಾಗ ಒಂದೇ ಒಂದು ಸಲ ಹಾಡ್ಸಿದ್ದೆ. ಪಕ್ಕದ ಮನೆ ಕರು ಹಗ್ಗ ಕಿತ್ಕೊಂಡು ಓಡ್ತು."

ನನಗೆ ಬೇಸರವಾಗಲಿಲ್ಲ. ಅದು ನಿಜವೇ. ಕರುವನ್ನು ಹಿಡಿದುತಂದವನೂ ನಾನೇ.

ಜಯಶೀಲಾ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಳು. ಮೊದಲನೆಯದು ಊಟದ ಡಬ್ಬಿಯಷ್ಟು, ಎರಡನೆಯದು ಪುಟ್ಟ ಟ್ರಂಕಿನಷ್ಟು, ಮೂರನೆಯದು ನನ್ನ ಮೊಣಕಾಲೆತ್ತರ. ಅವಳು ಒಂದೊಂದರ ಮುಚ್ಚಳ ತೆಗೆದು ಒಳಗೆ ತೋರಿಸುತ್ತಾ ಹೋದ ಹಾಗೆ ನನಗೆ ಮೈ ನವಿರೇಳುತ್ತಿತ್ತು. ಇದು ನೆನಪಿಟ್ಟುಕೊಳ್ಳುವ ಹಲಗೆ, ಕರೆಂಟು ಹೋದರೂ ಮರೆಯುವುದಿಲ್ಲ. ಇದು ಕೆಲಸ ಮಾಡುವಾಗ ಕೈಗೆ ಸಿಗುವಂತೆ ಹರಡಿಕೊಳ್ಳುವ ಜಾಗ, ಇದು ಚಿಕ್ಕದಾದರೆ ಎಲ್ಲಾ ನಿಧಾನ. ತಿರುಗುವ ತಟ್ಟೆಯಿರುವ ಹಳೇ ನಮೂನೆಯ ಹಾರ್ಡ್ ಡಿಸ್ಕ್ ಯಾರು ಕೊಟ್ಟರೂ ಬೇಡ, ಎಸ್‌ಎಸ್‌ಡಿ ಇರುವುದನ್ನೇ ತಗೊಳ್ಳಿ. ಆಟ ಆಡುವ ಹುಡುಗರಿಗೆ ಬೇಕಾದ ಕಾರ್ಡು ನಿಮಗೆ ಬೇಡ, ಅದೊಂದಿದ್ದರೆ ಖಂಡಿತ ಏಳುತ್ತದೆ. ಪರದೆ ಮಾತ್ರ ಇಪ್ಪತ್ನಾಲ್ಕು ಇಂಚು ಇರಲಿ, ಹೊಳಪಿಲ್ಲದ್ದು, ಅಜ್ಜಿಯ ಕಣ್ಣಿಗೆ ತಂಪು.

"ನೆನಪಿಟ್ಕೊಳ್ಳೋ ಹಲಗೆ ಅಷ್ಟು ಚಿಕ್ಕದಾ?" ಎಂದರು ಭಾಗತ್ತೆ, ಮುಂದೆ ಬಾಗಿ. "ವೀಳ್ಯದೆಲೆಯಷ್ಟಿಲ್ಲವಲ್ಲೇ."

"ಅದ್ರಲ್ಲಿ ನಿಮ್ಮ ಕಾವ್ಯ ಹಾಕಿದ್ರೆ ಒಂದು ಮೂಲೇಗೂ ಸಾಲಲ್ಲ ಅಜ್ಜಿ. ಬರಿ ಅಕ್ಷರಕ್ಕೆ ಈ ಚಿಕ್ಕ ಡಬ್ಬಿ ಧಾರಾಳ ಸಾಕು." ಜಯಶೀಲಾ ಅದರ ಗುಂಡಿ ಒತ್ತಿದಳು.

ಚಿಕ್ಕ ಡಬ್ಬಿ ಕಣ್ಬಿಟ್ಟಿತು. ಬಣ್ಣ ಬಂತು. ವನಮಾಲಾ "ಎಷ್ಟು ಮುದ್ದಾಗಿದೆ ರೀ!" ಎಂದಳು. ನಾನೂ ಭಾಗತ್ತೆಯೂ ಒಟ್ಟಿಗೆ ಮುಖ ಕಿವುಚಿದೆವು.

"ಏನಾಯ್ತು?" ಎಂದಳು ಜಯಶೀಲಾ.

"ಕೇಳಿಸ್ತಿಲ್ವೇನಮ್ಮ? ಅರಚ್ತಿದೆ," ಎಂದರು ಅತ್ತೆ. ಕಣ್ಣು ಮುಚ್ಚಿ ತಮ್ಮ ಷಡ್ಜ ಹಿಡಿದು "ಸಾ" ಎಂದರು. ಡಬ್ಬಿಯೊಳಗಿನ ಸಣ್ಣ ಫ್ಯಾನು ಅದಕ್ಕಿಂತ ಒಂದು ಎಳೆ ಮೇಲೆ, ಕಿವಿಯೊಳಗೆ ಸೂಜಿ ಆಡಿಸಿದ ಹಾಗೆ, ಸಣ್ಣಗೆ ಕಿರುಚುತ್ತಿತ್ತು. "ಪಕ್ಕದಲ್ಲಿ ಅಪಸ್ವರ ಕೂರಿಸ್ಕೊಂಡು ನಾನು ಹೇಗೆ ಹೇಳ್ಲಿ? ನನ್ನ ಶ್ರುತೀನೇ ಎಳ್ಕೊಂಡು ಹೋಗುತ್ತೆ ಅದು."

ಎರಡನೆಯದು ಗೊರಗೊರ ಎಂದಿತು. ಭಾಗತ್ತೆ ಕೈ ಅಲ್ಲಾಡಿಸಿ ಬೇಡವೆಂದರು. ನಾನು ಹೊರಗೆ ಹೋಗಿ ಸೈಕಲ್ಲಿಗೆ ಸಿಕ್ಕಿಸಿದ್ದ ಸರಳು ತಂದೆ. ನೆಲದಡಿ ಎಲ್ಲಿ ಕೊಳವೆ ಸೋರುತ್ತಿದೆ ಎಂದು ಕಿವಿಗೊಟ್ಟು ಕೇಳುವ ನನ್ನ ಕೆಲಸದ ಕಬ್ಬಿಣದ ಸರಳು ಅದು. ಅದರ ಒಂದು ತುದಿಯನ್ನು ಮೂರನೆಯ ಪೆಟ್ಟಿಗೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿ ಹಚ್ಚಿದೆ.

"ಸಾರ್, ಅದೇನ್ ಬೋರ್‌ವೆಲ್ಲಾ?" ಎಂದು ಜಯಶೀಲಾ ನಕ್ಕಳು. ಆದರೂ ಗುಂಡಿ ಒತ್ತಿದಳು.

ಮೊದಲು ಏನೂ ಕೇಳಿಸಲಿಲ್ಲ. ಕೆಟ್ಟಿದೆಯೇನೋ ಎಂದುಕೊಂಡೆ. ಆಮೇಲೆ ಬಹಳ ಆಳದಲ್ಲಿ, ತುಂಬಿದ ಮುಖ್ಯ ಕೊಳವೆಯಲ್ಲಿ ಎಲ್ಲೂ ಸೋರದೆ ನೀರು ಒಂದೇ ಸಮನೆ ಹೋಗುವಾಗಿನ ಸದ್ದು. ಇಷ್ಟು ವರ್ಷದ ಕೆಲಸದಲ್ಲಿ ಅಂಥದ್ದನ್ನು ನಾಲ್ಕೈದು ಸಲ ಕೇಳಿರಬಹುದು. ಸರಳನ್ನು ಅತ್ತೆಯ ಕಿವಿಗೆ ಕೊಟ್ಟೆ. ಅವರು ಬಹಳ ಹೊತ್ತು ಕೇಳಿದರು. ಅವರ ಬೆರಳು ತಾನಾಗಿ ತೊಡೆಯ ಮೇಲೆ ತಾಳ ಹಾಕಿತು.

"ಇದು ನನ್ನ ಮಂದ್ರ ಷಡ್ಜ ಕಣೋ," ಎಂದರು. "ತಂಬೂರಿ ಬೇಡ ಇನ್ನು."

"ದೊಡ್ಡ ಫ್ಯಾನು ಅಜ್ಜಿ. ನಿಧಾನಕ್ಕೆ ತಿರುಗುತ್ತೆ, ಅದಕ್ಕೇ ಅರಚಲ್ಲ," ಎಂದಳು ಜಯಶೀಲಾ. "ಆದ್ರೆ ಇದು ಮದುವೆ ವಿಡಿಯೋ ಮಾಡೋರಿಗೆ ಅಂತ ಜೋಡ್ಸಿದ್ದು. ನಿಮ್ಮ ಮನೆಗೆ ಜಾಸ್ತಿ ಆಗ್ಬಹುದು."

"ಈ ದೊಡ್ಡ ಫ್ಯಾನ್ನೇ ಚಿಕ್ಕ ಡಬ್ಬಿಗೆ ಹಾಕ್ಕೊಡಮ್ಮ," ಎಂದಳು ವನಮಾಲಾ.

"ಫ್ಯಾನೊಳಗೆ ಡಬ್ಬಿ ಹಾಕ್ಬೇಕಾಗುತ್ತೆ ಅಕ್ಕ."

ನಾನು ನಿಂತಲ್ಲೇ ತೀರ್ಮಾನಿಸಿದೆ. ನನ್ನ ಬದುಕಿನಲ್ಲಿ ಅಳತೆಗಿಂತ ದೊಡ್ಡದೊಂದನ್ನು ಕೇಳಿದ್ದು ಅದೇ ಮೊದಲು. "ಇದನ್ನೇ ಕೊಡಿ."

ವನಮಾಲಾ ನನ್ನ ತೋಳು ಚಿವುಟಿದಳು. ಜಯಶೀಲಾ ಗಡಿಯಾರ ನೋಡಿ ತನ್ನ ಅಂಗಡಿಯ ಕಟ್ಟಳೆ ಹೇಳಿದಳು: "ಸಂಜೆ ಆರರ ತನಕ ನೋಡಿ. ಎದ್ದಿದ್ರೆ ನಾನೇ ವಾಪಸ್ ತಗೊಂಡು ಚಿಕ್ಕದು ಕೊಡ್ತೀನಿ. ಆರಾದ್ಮೇಲೆ ಅದೂ ನಿಮ್ದು, ಚಾವಣೀನೂ ನಿಮ್ದು." ಎದ್ದರೆ ಬದಲಾಯಿಸಲು ಸುಲಭವಾಗಲೆಂದು ಚಿಕ್ಕ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ನಮ್ಮೊಂದಿಗೇ ಹೊರಟಳು.

ಆಟೋದಲ್ಲಿ ಭಾಗತ್ತೆ ಪೆಟ್ಟಿಗೆಯನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತರು. ನಾನು ಸೈಕಲ್ಲಿನಲ್ಲಿ ಹಿಂದೆ. ಬೀದಿ ತಿರುವಿನಲ್ಲೆಲ್ಲ ಜನ "ಏನ್ ಶೇಷಣ್ಣ, ಕೂರಿಸೋ ಶಾಸ್ತ್ರ ಎಷ್ಟೊತ್ತಿಗೆ?" ಎಂದು ಕೇಳುವವರೇ. ನಾಲ್ಕೂವರೆಗೆ ಎಂದು ಕೂಗುತ್ತಾ ಬಂದೆ. ಏರಿನಲ್ಲಿ ಸೈಕಲ್ ತಳ್ಳುವುದನ್ನೂ ಮರೆತು ತುಳಿದುಕೊಂಡೇ ಹತ್ತಿಬಿಟ್ಟಿದ್ದೆ.

ಹೊಸ ವಸ್ತು ಬಂದ ಮನೆಗೆ ನೆರೆಯವರು ಸೇರುವುದು ನಮ್ಮಲ್ಲಿ ವಾಡಿಕೆ. ಬಸವಲಿಂಗಣ್ಣ ಉದ್ದ ಬಿದಿರಿನ ಕೊಕ್ಕೆ ಹಿಡಿದೇ ಬಂದ, ಅಕಸ್ಮಾತ್ ಎದ್ದರೆ ಎಳೆಯಲು ಬೇಕಲ್ಲ. ಹೆಂಗಸರು ಮಕ್ಕಳು ಗೋಡೆಗೆ ಒರಗಿ ನಿಂತರು. ವನಮಾಲಾ ಮೇಜಿನ ಮೇಲೆ ರಂಗೋಲಿ ಎಳೆದು ಮಣೆ ಇಟ್ಟಳು. ಪರದೆಗೆ, ಕೀಲಿಮಣೆಗೆ, ಮೈಕಿಗೆ, ಪೆಟ್ಟಿಗೆಗೆ ಕುಂಕುಮ ಹಚ್ಚಿದಳು. ಜಯಶೀಲಾ ವೈರುಗಳನ್ನು ಸಾಕಷ್ಟು ಸಡಿಲ ಬಿಟ್ಟು ಸಿಕ್ಕಿಸಿದಳು. ಇಂಥ ಮನೆಗಳನ್ನು ಅವಳು ಬೇಕಾದಷ್ಟು ನೋಡಿದ್ದಾಳೆ.

ಶಾಸ್ತ್ರ ಸುಲಭ. ಮನೆಯವರು ವಸ್ತುವಿನ ಮೇಲೆ ಕೈಯಿಟ್ಟು, ದೇವರನ್ನು ನೆನೆದು, ಕೈ ತೆಗೆಯುವುದು. ನೆರೆದವರು ಹನ್ನೊಂದು ಎಣಿಸುವುದು.

ಪರದೆ ಕೂತಿತು. ಕೀಲಿಮಣೆ ಕೂತಿತು. ಮೈಕು ಕೂತಿತು. ಒಂದೊಂದು ಕೂತಾಗಲೂ ಮಕ್ಕಳು ಹೋ ಎಂದರು. ಪೆಟ್ಟಿಗೆಯ ಮೇಲಿನಿಂದ ನಾವು ಮೂವರೂ ಕೈ ತೆಗೆದೆವು. ಒಂದು, ಎರಡು, ಮೂರು. ಆರು ಎಣಿಸುವ ತನಕ ಅಲುಗಲಿಲ್ಲ; ವನಮಾಲಾ ನನ್ನ ಕಡೆ ತಿರುಗಿ ನಗಲು ಶುರುಮಾಡಿದ್ದಳು. ಏಳಕ್ಕೆ ಪೆಟ್ಟಿಗೆಯ ಒಂದು ಮೂಲೆ ಮಣೆ ಬಿಟ್ಟಿತು. ಒಂಬತ್ತಕ್ಕೆ ನಾಲ್ಕೂ ಮೂಲೆ. ಹನ್ನೊಂದಕ್ಕೆ ಅದು ಮೇಜಿನಿಂದ ಒಂದು ಮೊಳ ಮೇಲೆ, ತನ್ನ ಮಂದ್ರ ಷಡ್ಜದಲ್ಲಿ ಗುಂಯ್ ಎನ್ನುತ್ತಾ, ಮೆಲ್ಲಗೆ ತೂಗಾಡುತ್ತಾ ನಿಂತಿತು.

"ಬಿಡಿ ಶೇಷಣ್ಣ, ನಮ್ಮ ಟೀವಿಗೆ ಜೊತೆ ಸಿಕ್ತು," ಎಂದ ಬಸವಲಿಂಗಣ್ಣ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಆದರೂ ನಗು.

"ಒಂದು ಮೊಳ ಜಾಸ್ತಿ," ಎಂದಳು ವನಮಾಲಾ, ಮೆಲ್ಲಗೆ. "ಚಿಕ್ಕದೇ ತಗೊಳ್ಳೋಣ ರೀ. ಅತ್ತೆ ಹೇಗೋ ಹೊಂದ್ಕೋತಾರೆ."

ಜಯಶೀಲಾ ಚೀಲಕ್ಕೆ ಕೈ ಹಾಕಿದಳು. ಆಗ ಭಾಗತ್ತೆ ಹೇಳಿದರು, ಯಾರಿಗೂ ಅಲ್ಲ, ಆ ಪೆಟ್ಟಿಗೆಗೆ: "ಅದಕ್ಕೆ ಗೊತ್ತಾಗಿದೆ. ನನ್ನ ಹತ್ರ ಉಳಿದಿರೋ ಪದ್ಯ ಕಮ್ಮಿ ಅಂತ."

ನಗು ನಿಂತಿತು. ಏಕಾದಶಿಯಂದು ಏನಾಯಿತೆಂದು ಅವರಿಗೂ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ. ನನ್ನ ಹೂಂ ಅನ್ನು ಅವರು ನಂಬಿರಲೇ ಇಲ್ಲ.

"ಆರು ಗಂಟೆ ತನಕ ಟೈಮಿದೆ ಅಜ್ಜಿ," ಎಂದಳು ಜಯಶೀಲಾ. ಚೀಲದಿಂದ ಕೈ ಹೊರತೆಗೆದು ಮೈಕಿನ ಗುಂಡಿ ಒತ್ತಿದಳು. "ವೈರು ಉದ್ದ ಇದೆ, ಮೇಲಿದ್ರೂ ಕೆಲ್ಸ ಮಾಡುತ್ತೆ. ನೀವು ಹೇಳಿ ನೋಡಿ."

ಭಾಗತ್ತೆ ಸೆರಗು ಹೊದ್ದು ಮೈಕಿನ ಎದುರು ಕೂತರು. ಪೀಠಿಕೆಯ ಪದ್ಯದಿಂದ ಶುರುಮಾಡಿದರು. ದನಿ ಮೊದಲ ಸಾಲಿನಲ್ಲಿ ಬಿರುಕುಬಿಟ್ಟು ಎರಡನೆಯದಕ್ಕೆ ಕೂಡಿಕೊಂಡಿತು. ಪರದೆಯ ಮೇಲೆ ಅವರ ದನಿ ಹಸಿರು ಗೆರೆಯಾಗಿ ಏಳುತ್ತಾ ಬೀಳುತ್ತಾ ಸಾಗಿತು. ನಾನು ನೋಡುತ್ತಿದ್ದದ್ದು ಪೆಟ್ಟಿಗೆಯನ್ನು. ಹತ್ತು ಪದ್ಯ ಮುಗಿದಾಗ ಒಂದು ಬೆರಳು ಇಳಿದಿತ್ತು. ಮೊದಲ ಸಂಧಿ ಮುಗಿಯುವಾಗ ಗೇಣಿನಷ್ಟು. ಮಕ್ಕಳು ಉಸಿರು ಬಿಗಿಹಿಡಿದರು. ಬಸವಲಿಂಗಣ್ಣ ಕೊಕ್ಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ. ಕಪಿಗಳು ಬಂಡೆ ಹೊತ್ತು ತರುವ ಭಾಗ ಬಂತು. ಅತ್ತೆಯ ಮುಖ ಇಪ್ಪತ್ತು ವರ್ಷ ಹಿಂದಕ್ಕೆ ಹೋಯಿತು. ಕಪಿಗಳು ಅಳಿಲನ್ನು ಕಂಡು ನಗುತ್ತವೆ. ಅಳಿಲು ತಿರುಗಿ ನಿಂತು ಉತ್ತರ ಕೊಡಬೇಕು.

"ಮರಳ ಕಣವನು," ಎಂದರು ಅತ್ತೆ. ನಿಂತರು. ಮತ್ತೆ, "ಮರಳ ಕಣವನು." ಕಣ್ಣು ಮುಚ್ಚಿದರು. ಮೂರನೆಯ ಸಲ "ಮರಳ" ಎಂದು ಅಲ್ಲಿಗೇ ಬಿಟ್ಟರು. ಪೆಟ್ಟಿಗೆ ಒಮ್ಮೆಲೇ ಎದ್ದಿತು. ಇಳಿದದ್ದೆಲ್ಲ ಎದ್ದು, ಮೊದಲಿಗಿಂತ ಮೇಲೆ, ನಮ್ಮ ತಲೆಯ ಮಟ್ಟಕ್ಕೆ. ವೈರುಗಳು ಬಿಗಿದವು. ಜಯಶೀಲಾ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

ಅತ್ತೆ ನನ್ನ ಕಡೆ ನೋಡಿದರು. ಏಕಾದಶಿಗಳಲ್ಲಿ ಕಂಬದ ಬುಡದಲ್ಲಿ ನಾನಿದ್ದೇನೆಯೋ ಇಲ್ಲವೋ ಎಂದು ನೋಡುವ ನೋಟವಲ್ಲ. ಮುಳುಗುವವರ ನೋಟ.

ನನ್ನ ಗಂಟಲು ತೆರೆಯಿತು. ಎಷ್ಟೋ ವರ್ಷ ಮುಚ್ಚಿದ್ದ ಕೊಳಾಯಿಗೆ ನೀರು ಬಿಟ್ಟಾಗ ಮೊದಲು ಗಾಳಿ ಬರುತ್ತದೆ, ಆಮೇಲೆ ತುಕ್ಕು ಬರುತ್ತದೆ. ನನ್ನದೂ ಹಾಗೇ. ಒಂದು ಸಲ ಕೆಮ್ಮಿದೆ, ಒಂದು ಸಲ ಕರ್ಕಶವಾಗಿ ಎಳೆದೆ, ಯಾವುದೋ ಮಗು ಕಿಸಕ್ಕೆಂದಿತು. ಆಮೇಲೆ ನೀರು ಬಂತು.

ಮರಳ ಕಣವನು ಮೈಯೊಳಾಂತೊಡೆ
ಪುರುಳು ಕಿರಿದೆಂದಾರು ನಗುವರೊ
ಬರಲಿ ನಗುವವರೆಲ್ಲ ದಡದಲಿ ನಿಂತು ನೋಡುತಲಿ
ಹೊರುವೆನೆನ್ನಯ ಬೆನ್ನಳವಿನಲಿ
ಸುರಿವೆ ಕಲ್ಗಳ ಸಂದಿನೆಡೆಯಲಿ
ಪರಮಪುರುಷನ ಪಾದಕೊತ್ತದ ಹಾಗೆ ಹಾದಿಯಲಿ

ಮುಗಿಸಿದಾಗ ಮುಂದಿನ ಪದ್ಯ ಬಾಯಿಯ ತುದಿಗೆ ಬಂದು ನಿಂತಿತ್ತು. ಅದನ್ನೂ ಹೇಳಿದೆ. ಅದರ ಹಿಂದೆ ಮತ್ತೊಂದು. ಅವು ನನ್ನೊಳಗೆ ಇದ್ದವೆಂದೇ ನನಗೆ ಗೊತ್ತಿರಲಿಲ್ಲ. ಕೇಳುವುದೆಂದರೆ ಕಿವಿಯ ಮೂಲಕ ಹಾದುಹೋಗುವುದು ಎಂದುಕೊಂಡಿದ್ದೆ. ಎರಡನೆಯ ಸಂಧಿ ಮುಗಿಯಿತು. ಅತ್ತೆ ಏಕಾದಶಿಯಂದು ದಾಟಿಹೋಗಿದ್ದ ಮೂರನೆಯದು ಶುರುವಾಯಿತು. ಅಲ್ಲೂ ನೆಲ ಗಟ್ಟಿಯಾಗಿತ್ತು. ಭಾಗತ್ತೆ ಒಂದೊಂದು ಸಾಲಿನ ಕೊನೆಯಲ್ಲಿ ನನ್ನ ಜೊತೆ ಸೇರಿಕೊಳ್ಳುತ್ತಿದ್ದರು. ಎಲ್ಲೋ ಒಂದೆಡೆ ನಾನು ಪದ ತಪ್ಪಿದೆ. ಅವರು ನನ್ನ ಮೊಣಕೈಗೆ ತಟ್ಟಿ ಸರಿಪಡಿಸಿದರು. ಪೆಟ್ಟಿಗೆಯನ್ನು ನೋಡುವುದನ್ನು ನಾನು ಮರೆತೇಬಿಟ್ಟೆ.

ಠಕ್ ಎಂದಿತು.

ಜಯಶೀಲಾ ಕೈ ಎತ್ತಿ ಹಿಂದೆ ಸರಿದಳು. ಪೆಟ್ಟಿಗೆ ಮಣೆಯ ಮೇಲೆ, ರಂಗೋಲಿಯ ನಡುಮಧ್ಯೆ ಕೂತಿತ್ತು. ಬಸವಲಿಂಗಣ್ಣ ಬಗ್ಗಿ ಅದರ ತಳದಲ್ಲಿ ಒಂದು ಕಾಗದ ತೂರಿಸಲು ನೋಡಿದ. ತೂರಲಿಲ್ಲ. "ಇಲ್ಲ ಕಣ್ರಪ್ಪೋ! ಕೂತಿದೆ!" ಎಂದು ಅವನು ಕೂಗಿದ್ದಕ್ಕೆ ಮಕ್ಕಳೆಲ್ಲ ಒಟ್ಟಿಗೆ ಕುಣಿದರು. ವನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು, "ಕರು ಎಲ್ಲಾದ್ರೂ ಓಡಿಹೋಯ್ತೇನೋ ನೋಡಿ," ಎಂದಳು.

"ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ ಸಾರ್," ಎಂದಳು ಜಯಶೀಲಾ, ಚಿಕ್ಕ ಡಬ್ಬಿಯ ಚೀಲ ಎತ್ತಿ ತೋರಿಸುತ್ತಾ. "ಬದಲಾಯಿಸ್ಲಾ?"

"ಹೋಗೇ, ಕೈ ಮುಟ್ಟಿದ್ರೆ ನೋಡು," ಎಂದರು ಭಾಗತ್ತೆ.

ಜಯಶೀಲಾ ಮೈಕು ನಿಲ್ಲಿಸಿ ನನ್ನನ್ನು ಕೀಲಿಮಣೆಯ ಎದುರು ಕೂರಿಸಿದಳು. ಇಷ್ಟೂ ಹೊತ್ತು ಹೇಳಿದ್ದನ್ನು ಉಳಿಸಬೇಕಿತ್ತು. ಪರದೆ ಹೆಸರು ಕೇಳುತ್ತಿತ್ತು. ಅಳಿಲ ಕಾವ್ಯ ಎಂದೆ. ಅವಳು ತೋರಿಸಿದ ಕೀಲಿಗಳನ್ನು ಒಂದೊಂದಾಗಿ ಒತ್ತಿದೆ.

"ಅದು ಕಾವ್ಯದ ಹೆಸರಾಯ್ತು. ಕೆಳಗೆ ಕಟ್ಟಿದೋರ ಹೆಸರಿಗೆ ಒಂದು ಜಾಗ ಇದೆ ನೋಡಿ. ಏನ್ ಹಾಕ್ಲಿ?"

ನಾನು ಅತ್ತೆಯ ಮುಖ ನೋಡಿದೆ. ನಲವತ್ತೈದು ವರ್ಷ ಕೇಳಿದ್ದೆ. ಅಜ್ಜಿಯ ಕಾವ್ಯ ಎಂದೇ ಎಲ್ಲರೂ ಅನ್ನುತ್ತಿದ್ದೆವು. ಅಜ್ಜಿಗೊಂದು ಹೆಸರಿದ್ದೀತೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಸೀಬಮ್ಮ," ಎಂದರು ಭಾಗತ್ತೆ.

ಸೀ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಬ ಬಂತು. ಮ್ಮಗೆ ಒತ್ತು ಎಲ್ಲಿದೆಯೆಂದು ಜಯಶೀಲಾ ತೋರಿಸಿಕೊಟ್ಟಳು. ಭಾಗತ್ತೆ ಎದ್ದು ಬಂದು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಮುಖವಿಟ್ಟು, "ಕಾಣ್ತಿಲ್ಲವಲ್ಲೇ. ಇನ್ನೂ ದೊಡ್ಡದು ಮಾಡ್ತೀಯಾ?" ಎಂದರು.

ಮಾಡಿದಳು. "ಇನ್ನೂ?" ಮಾಡಿದಳು. ಮೂರೇ ಅಕ್ಷರ ಇಪ್ಪತ್ನಾಲ್ಕು ಇಂಚನ್ನೂ ತುಂಬಿದವು. ಗೋಡೆಯ ಬಳಿ ನಿಂತಿದ್ದ ಮಕ್ಕಳು ತಾವಾಗಿಯೇ ಗಟ್ಟಿಯಾಗಿ ಕೂಡಿ ಓದಿದರು. ಭಾಗತ್ತೆ ಅದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಪಕ್ಕದ ಕುರ್ಚಿ ಎಳೆದು ಕೂತು, ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟುಕೊಂಡು ಹೇಳಿದರು:

"ಹೂಂ, ಶೇಷು. ಮೂರನೇ ಸಂಧಿ, ಹದಿನಾಲ್ಕನೇ ಪದ್ಯ. ಎತ್ತಿಕೋ."